ಅರ್ಥ್ ಸಿಗದ ದೀಪ

ಹಳೆಯ ಟ್ರೈಲರಿನ ಹಿಂದೀಪ ಮಂಕಾದರೆ ಎಲ್ಲರೂ ಬಲ್ಬ್ ಬದಲಾಯಿಸುತ್ತಾರೆ. ತಪ್ಪು ಇರುವುದು ಬಲ್ಬಿನಲ್ಲಲ್ಲ, ಕರೆಂಟು ವಾಪಸ್ ಬರುವ ದಾರಿಯಲ್ಲಿ.

ಜನವರಿ ತಿಂಗಳ ಸಂಜೆ. ದಕ್ಷಿಣ ಕೊಡಗಿನ ಬಾಳೆಲೆಯ ಸುತ್ತಮುತ್ತ ಕಾಫಿ ಕೊಯ್ಲು ಬಿರುಸಾಗಿರುವ ಹೊತ್ತು. ಕೊಯ್ದ ಹಣ್ಣನ್ನು ಅಳೆದು, ಮೂಟೆ ಕಟ್ಟಿ, ಟ್ರೈಲರಿಗೆ ಹೇರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಒಂದು ಕಡೆ ತೋಟ, ಇನ್ನೊಂದು ಕಡೆ ಗದ್ದೆ, ನಡುವೆ ತಿರುವು ಮುರುವಿನ ರಸ್ತೆ. ನಾಗರಹೊಳೆ ಕಾಡು ಹತ್ತಿರವೇ ಇರುವುದರಿಂದ ಕತ್ತಲಾದ ಮೇಲೆ ಆನೆಯ ಭಯವೂ ಉಂಟು.

ಅಂಥ ಒಂದು ಸಂಜೆ ನಾನು ಗೆಳೆಯರೊಬ್ಬರ ಮನೆಗೆ ಹೊರಟಿದ್ದೆ. ಅವರು ಮುಂದೆ ಟ್ರ್ಯಾಕ್ಟರಿನಲ್ಲಿ, ನಾನು ಹಿಂದೆ ಕಾರಿನಲ್ಲಿ. ಟ್ರೈಲರಿನ ಹಿಂಭಾಗದಲ್ಲಿ ಎರಡು ಕೆಂಪು ದೀಪಗಳು ಊದಿನಕಡ್ಡಿಯ ತುದಿಯಂತೆ ಕಾಣುತ್ತಿದ್ದವು. ಸದ್ಯ, ಇಷ್ಟಾದರೂ ಇದೆಯಲ್ಲ ಎಂದುಕೊಂಡೆ. ಒಂದು ತಿರುವಿನಲ್ಲಿ ದನವೊಂದು ಅಡ್ಡ ಬಂತು. ಅವರು ಬ್ರೇಕ್ ಒತ್ತಿದರು. ಒತ್ತಿದ್ದು ನನಗೆ ಗೊತ್ತೇ ಆಗಲಿಲ್ಲ! ಹೊಳೆಯಬೇಕಿದ್ದ ಕೆಂಪು ದೀಪ ಮೊದಲಿದ್ದಷ್ಟೇ ಮಂಕಾಗಿತ್ತು. ಟ್ರೈಲರಿನ ಹಲಗೆ ಕಣ್ಣಿಗೆ ದೊಡ್ಡದಾಗುತ್ತಾ ಬಂದಾಗಲೇ ನಾನು ಬ್ರೇಕ್ ತುಳಿದದ್ದು. ನನ್ನ ಕಾರಿಗೂ ಅದಕ್ಕೂ ನಡುವೆ ಉಳಿದದ್ದು ಒಂದು ಮೊಳ.

ಮನೆ ತಲುಪಿ ಕಾಫಿ ಕುಡಿಯುವಾಗ ವಿಷಯ ಹೇಳಿದೆ. ಗೆಳೆಯರು ತಲೆ ಕೆರೆದುಕೊಂಡರು. “ಈ ತಿಂಗಳಲ್ಲಿ ಮೂರು ಸಲ ಬಲ್ಬ್ ಬದಲಾಯಿಸಿದೆ. ಬ್ಯಾಟರಿಯೂ ಹೊಸದು. ಅಂಗಳದಲ್ಲಿ ಹಾಕಿ ನೋಡಿದರೆ ಚೆನ್ನಾಗಿಯೇ ಉರಿಯುತ್ತದೆ. ರಸ್ತೆಗೆ ಇಳಿದರೆ ಹೀಗೆ,” ಎಂದರು. ಎರಡನೇ ಪಿಯುಸಿ ಓದುವ ಅವರ ಮಗಳು ಪುಸ್ತಕದಿಂದ ತಲೆ ಎತ್ತಿ ಒಂದೇ ಮಾತು ಕೇಳಿದಳು: “ಅಪ್ಪಾ, ಕರೆಂಟು ಹೋಗುವ ದಾರಿಯನ್ನೇ ನೋಡುತ್ತಿದ್ದೀರಿ. ಬರುವ ದಾರಿ ನೋಡಿದ್ದೀರಾ?”

ಮರುದಿನ ಭಾನುವಾರ. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ನಮ್ಮ ಮೂವರ ದಿನ ಕಳೆಯಿತು. ಆ ದಿನ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಹೋಗಲು ಹಲವು, ಬರಲು ಒಂದೇ

ವಿದ್ಯುತ್ತು ನೀರಿನ ಹಾಗಲ್ಲ; ಒಂದು ಕಡೆಯಿಂದ ಹರಿದು ಇನ್ನೊಂದು ಕಡೆ ಸುರಿದು ಹೋಗುವುದಿಲ್ಲ. ಬ್ಯಾಟರಿಯ ಒಂದು ತುದಿಯಿಂದ ಹೊರಟದ್ದು ಇನ್ನೊಂದು ತುದಿಗೆ ಮರಳಿದರೆ ಮಾತ್ರ ದೀಪ ಉರಿಯುತ್ತದೆ. ಶಾಲೆಯಲ್ಲಿ ಇದನ್ನೇ ಮಂಡಲ ಎಂದು ಕಲಿಸುತ್ತಾರೆ. ಪುಸ್ತಕದ ಚಿತ್ರದಲ್ಲಿ ಹೋಗಲು ಒಂದು ತಂತಿ, ಬರಲು ಒಂದು ತಂತಿ ಇರುತ್ತದೆ. ವಾಹನದಲ್ಲಿ ಹಾಗಿಲ್ಲ. ಹೋಗುವ ತಂತಿ ಮಾತ್ರ ಪ್ರತಿ ದೀಪಕ್ಕೂ ಬೇರೆ ಬೇರೆ. ಬರುವುದಕ್ಕೆ ವಾಹನದ ಕಬ್ಬಿಣದ ಮೈಯೇ ದಾರಿ. ಬ್ಯಾಟರಿಯ ಮೈನಸ್ ತುದಿಯನ್ನು ಚಾಸಿಗೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಇದಕ್ಕೆ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ‘ಅರ್ಥ್’ ಎಂದು ಹೆಸರು. “ಅರ್ಥ್ ಸಿಗ್ತಾ ಇಲ್ಲ” ಎಂದು ಅವರು ಹೇಳುವುದನ್ನು ನೀವೂ ಕೇಳಿರಬಹುದು.

ಅರ್ಥ್ ಎಂದರೆ ಭೂಮಿ. ಆದರೆ ಟ್ರ್ಯಾಕ್ಟರಿಗೂ ಭೂಮಿಗೂ ನಡುವೆ ರಬ್ಬರ್ ಟೈರಿದೆ. ಮತ್ತೆ ಭೂಮಿ ಎಲ್ಲಿಂದ ಬಂತು? ಹೆಸರಿಗೆ ಕಾರಣ ತಂತಿ ವರ್ತಮಾನದ ಕಾಲದ್ದು. 1838ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್ ಎಂಬ ವಿಜ್ಞಾನಿ ಟೆಲಿಗ್ರಾಫಿಗೆ ಎರಡು ತಂತಿ ಬೇಕಿಲ್ಲ, ಒಂದು ತಂತಿ ಸಾಕು, ಮರಳಿ ಬರುವ ದಾರಿಗೆ ನೆಲವನ್ನೇ ಬಳಸಬಹುದು ಎಂದು ಕಂಡುಕೊಂಡ. ಎರಡೂ ತುದಿಯಲ್ಲಿ ಲೋಹದ ತಗಡನ್ನು ಹೂತರೆ ಆಯಿತು. ಅರ್ಧ ತಂತಿ ಉಳಿಯಿತು. ಮುಂದೆ ವಾಹನ ತಯಾರಕರೂ ಅದೇ ಉಳಿತಾಯದ ಉಪಾಯ ಹಿಡಿದರು. ನೆಲದ ಬದಲಿಗೆ ಕಬ್ಬಿಣದ ಚೌಕಟ್ಟು ಬಂತು, ಹೆಸರು ಮಾತ್ರ ಹಳೆಯದೇ ಉಳಿಯಿತು.

ಕಾರಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಏಕೆಂದರೆ ಕಾರಿನ ಮೈ ಪೂರ್ತಿ ಬೆಸುಗೆ ಹಾಕಿದ ಒಂದೇ ಲೋಹ. ಟ್ರೈಲರಿನ ಕಥೆ ಬೇರೆ. ಅದು ಟ್ರ್ಯಾಕ್ಟರಿಗೆ ಸೇರುವುದು ಒಂದು ಕೊಂಡಿ ಮತ್ತು ಒಂದು ಪಿನ್ನಿನಿಂದ. ಆ ಪಿನ್ನು ತೂತಿನಲ್ಲಿ ಸಡಿಲವಾಗಿ ಆಡುತ್ತಿರುತ್ತದೆ. ಅದರ ಮೇಲೆ ತುಕ್ಕು, ಕೆಸರು, ಗ್ರೀಸು. ಮೂಟೆ ಸುರಿಯಲು ಮೇಲೇಳುವ ಟ್ರೈಲರಾದರೆ ತೊಟ್ಟಿಗೂ ಚಾಸಿಗೂ ನಡುವೆ ಇನ್ನೊಂದು ಗ್ರೀಸು ಬಳಿದ ಕೀಲು. ತುಕ್ಕೂ ವಿದ್ಯುತ್ತನ್ನು ಸರಿಯಾಗಿ ಹಾಯಿಸುವುದಿಲ್ಲ, ಗ್ರೀಸೂ ಹಾಯಿಸುವುದಿಲ್ಲ. ಕೊಡಗಿನ ಮಳೆಗಾಲ ಎಂದರೆ ಕೇಳಬೇಕೆ? ತಿಂಗಳುಗಟ್ಟಲೆ ಒದ್ದೆಯಲ್ಲಿ ನಿಂತ ಕಬ್ಬಿಣ ಜನವರಿಗೆ ಕೆಲಸಕ್ಕೆ ಇಳಿಯುವಾಗ ಕೀಲು ಕೀಲಿನಲ್ಲೂ ತುಕ್ಕು ಹಿಡಿದಿರುತ್ತದೆ.

ನಮ್ಮ ಗೆಳೆಯರ ಟ್ರೈಲರಿನಲ್ಲಿ ಆಗಿದ್ದೂ ಇದೇ. ಯಾವ ಕಾಲದಲ್ಲೋ ಯಾರೋ ದೀಪಗಳಿಗೆ ಹೋಗುವ ತಂತಿ ಮಾತ್ರ ಎಳೆದು, ಬರುವ ದಾರಿಯನ್ನು ಕೊಂಡಿಯ ಪಿನ್ನಿಗೆ ಬಿಟ್ಟಿದ್ದರು.

ಅಂಗಳದಲ್ಲಿ ಪಾಸು, ರಸ್ತೆಯಲ್ಲಿ ಫೇಲು

ಅಂಗಳದಲ್ಲಿ ಚೆನ್ನಾಗಿ ಉರಿದ ದೀಪ ರಸ್ತೆಯಲ್ಲಿ ಏಕೆ ಕೈಕೊಟ್ಟಿತು? ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿಯಬಹುದು. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವೊಂದೇ ಸಾಕು.

ಸಾಮಾನ್ಯ 12 ವೋಲ್ಟ್ ವಾಹನದ ಹಿಂದೀಪ 5 ವಾಟ್‌ನದು, ಬ್ರೇಕ್ ದೀಪ 21 ವಾಟ್‌ನದು. ಎರಡೂ ತಂತುಗಳು ಒಂದೇ ಬಲ್ಬಿನ ಒಳಗೆ ಇರುತ್ತವೆ. ಎರಡು ಬದಿಯ ಹಿಂದೀಪಕ್ಕೆ ಒಟ್ಟು 10 ವಾಟ್, ಅಂದರೆ 0.83 ಆಂಪಿಯರ್. ಎರಡೂ ಸೇರಿ ಒಡ್ಡುವ ರೋಧ ಸುಮಾರು 14.4 ಓಮ್. ತುಕ್ಕು ಹಿಡಿದ ಪಿನ್ನು 3 ಓಮ್ ರೋಧ ಒಡ್ಡುತ್ತದೆ ಎಂದಿಟ್ಟುಕೊಳ್ಳಿ. ಆಗ 12 ವೋಲ್ಟಿನಲ್ಲಿ ಸುಮಾರು 10 ವೋಲ್ಟ್ ದೀಪಗಳಿಗೆ ಸಿಗುತ್ತದೆ, 2 ವೋಲ್ಟ್ ಪಿನ್ನಿನಲ್ಲಿ ಪೋಲಾಗುತ್ತದೆ. ದೀಪ ಸ್ವಲ್ಪ ಮಂಕಾದರೂ ಉರಿಯುತ್ತದೆ. ಅಂಗಳದಲ್ಲಿ ನಿಂತು ನೋಡಿದವರಿಗೆ ಸಮಾಧಾನ.

ಈಗ ಬ್ರೇಕ್ ಒತ್ತಿ. ಎರಡು 21 ವಾಟ್ ಸೇರಿಕೊಂಡು ಒಟ್ಟು 52 ವಾಟ್ ಆಯಿತು. ದೀಪಗಳ ಒಟ್ಟು ರೋಧ 2.8 ಓಮ್‌ಗೆ ಇಳಿಯಿತು. ಪಿನ್ನಿನ 3 ಓಮ್ ಹಾಗೇ ಇದೆ. ಅರ್ಧಕ್ಕಿಂತ ಹೆಚ್ಚು ವೋಲ್ಟೇಜನ್ನು ಪಿನ್ನೇ ನುಂಗಿತು. ದೀಪಗಳಿಗೆ ದಕ್ಕಿದ್ದು ಆರು ವೋಲ್ಟಿಗೂ ಕಡಿಮೆ. ಅರ್ಧ ವೋಲ್ಟೇಜಿಗೆ ಅರ್ಧ ಬೆಳಕು ಸಿಗುತ್ತದೆ ಎಂದುಕೊಳ್ಳಬೇಡಿ. ತಂತು ಬಲ್ಬಿನ ಬೆಳಕು ವೋಲ್ಟೇಜಿಗಿಂತ ಎಷ್ಟೋ ಪಟ್ಟು ವೇಗವಾಗಿ ಬೀಳುತ್ತದೆ. ವೋಲ್ಟೇಜ್ ಶೇಕಡಾ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆ. ವೋಲ್ಟೇಜ್ ಅರ್ಧವಾದರೆ ಉಳಿಯುವುದು ಹತ್ತನೇ ಒಂದು ಭಾಗಕ್ಕೂ ಕಡಿಮೆ.

ಅಂದರೆ, ಹಿಂದೀಪ ಮತ್ತಷ್ಟು ಮಂಕಾಯಿತು, ಬ್ರೇಕ್ ದೀಪ ಹೊಳೆಯಲೇ ಇಲ್ಲ. ಒಂದು ಕಡೆ ಕಳೆದದ್ದಕ್ಕೂ ಇನ್ನೊಂದು ಕಡೆ ಸೇರಿದ್ದಕ್ಕೂ ಸರಿಹೋಗಿ, ಹಿಂದೆ ಬರುತ್ತಿದ್ದ ನನಗೆ ಏನೂ ಬದಲಾಗಿಲ್ಲವೆಂದು ಕಂಡಿತು. ಯಾವ ಗಳಿಗೆಯಲ್ಲಿ ದೀಪ ಬೇಕೋ ಸರಿಯಾಗಿ ಅದೇ ಗಳಿಗೆಯಲ್ಲಿ ಅದು ಸೋತಿತ್ತು.

ಇದು ಬರೀ ಲೆಕ್ಕವಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಮುಂದಿನವರು ಬ್ರೇಕ್ ಒತ್ತಿದ್ದು ತಿಳಿಯಲು ಅರ್ಧ ಸೆಕೆಂಡ್ ತಡವಾದರೆ 7 ಮೀಟರ್ ಹೋಯಿತು. ಬೈಕಿನಲ್ಲಿ ಟ್ಯೂಷನ್ ಮುಗಿಸಿ ಬರುವ ಹುಡುಗನಿಗೆ ಆ 7 ಮೀಟರ್ ಎಂದರೆ ಏನೆಂದು ತಂದೆತಾಯಿಗಳಿಗೆ ಬಿಡಿಸಿ ಹೇಳಬೇಕಿಲ್ಲ.

ದೆವ್ವದ ಆಟ

ಅರ್ಥ್ ಪೂರ್ತಿ ಕಡಿದು ಹೋದರೆ ಇನ್ನೂ ವಿಚಿತ್ರ. ಬಲಕ್ಕೆ ಇಂಡಿಕೇಟರ್ ಹಾಕಿದರೆ ಎಡಗಡೆಯದೂ ಮಿಣುಕುತ್ತದೆ. ಬ್ರೇಕ್ ಒತ್ತಿದರೆ ಟ್ರ್ಯಾಕ್ಟರಿನ ಮುಂದಿನ ಪಾರ್ಕಿಂಗ್ ದೀಪ ಮಂಕಾಗಿ ಹತ್ತಿಕೊಳ್ಳುತ್ತದೆ. ನೋಡಿದವರು ವೈರಿಂಗಿಗೆ ದೆವ್ವ ಹಿಡಿದಿದೆ ಎನ್ನಬೇಕು, ಹಾಗೆ.

ಕಾರಣ ಸರಳ. ಒಂದೇ ಬಲ್ಬಿನೊಳಗಿನ ಎರಡು ತಂತುಗಳಿಗೆ ಅರ್ಥ್ ಒಂದೇ. ಅದು ಸಿಗದಿದ್ದಾಗ ಬ್ರೇಕಿನ ತಂತುವಿಗೆ ಬಂದ ಕರೆಂಟು ಸುಮ್ಮನೆ ಕೂರುವುದಿಲ್ಲ. ಪಕ್ಕದ ಹಿಂದೀಪದ ತಂತುವಿನೊಳಗೆ ಹಿಮ್ಮುಖವಾಗಿ ನುಗ್ಗಿ, ಆ ತಂತಿ ಹಿಡಿದು ಟ್ರ್ಯಾಕ್ಟರಿನತ್ತ ಓಡಿ, ಅಲ್ಲಿನ ಪಾರ್ಕಿಂಗ್ ದೀಪದ ಮೂಲಕ ಕೊನೆಗೂ ಮೈನಸ್ ತುದಿಯನ್ನು ಸೇರುತ್ತದೆ. ಗೇಟು ಮುಚ್ಚಿದಾಗ ಬೇಲಿ ಹಾರಿ ಪಕ್ಕದ ತೋಟದೊಳಗಿಂದ ಮನೆ ಸೇರುವ ದನದ ಹಾಗೆ. ಒಂದು ದೀಪದ ಸ್ವಿಚ್ಚಿಗೆ ಇನ್ನೊಂದು ದೀಪ ಪ್ರತಿಕ್ರಿಯಿಸಿದರೆ ಮೊದಲು ಅರ್ಥನ್ನೇ ಸಂಶಯಿಸಬೇಕು.

ಐದು ನಿಮಿಷದ ಪರೀಕ್ಷೆ

ಮಗಳು ಮಾಡಿದ್ದು ಹೀಗೆ. ಟ್ರೈಲರಿನ ಉದ್ದಕ್ಕೂ ಸಾಲುವಷ್ಟು ಒಂದು ತಂತಿ ತೆಗೆದುಕೊಂಡಳು. ಒಂದು ತುದಿಯನ್ನು ಟ್ರ್ಯಾಕ್ಟರಿನ ಬ್ಯಾಟರಿಯ ಮೈನಸ್‌ಗೆ ಹಿಡಿಸಿದಳು. ಅಪ್ಪನಿಗೆ ಬ್ರೇಕ್ ಒತ್ತಿಕೊಂಡೇ ಇರಲು ಹೇಳಿ, ಇನ್ನೊಂದು ತುದಿಯ ತಾಮ್ರವನ್ನು ಹಿಂದೀಪದ ಲೋಹದ ಬುಡಕ್ಕೆ ಮುಟ್ಟಿಸಿದಳು. ದೀಪ ಕಣ್ಣು ಕೋರೈಸಿತು! ತಂತಿ ತೆಗೆದರೆ ಮತ್ತೆ ಮಂಕು. ಬಲ್ಬಿಗೂ ದೋಷವಿಲ್ಲ, ಬ್ಯಾಟರಿಗೂ ದೋಷವಿಲ್ಲ. ಬರುವ ದಾರಿಯೇ ಕಟ್ಟಿತ್ತು.

ಮಲ್ಟಿಮೀಟರ್ ಇದ್ದವರು ದೀಪಗಳೆಲ್ಲ ಉರಿಯುತ್ತಿರುವಾಗ ದೀಪದ ಬುಡಕ್ಕೂ ಬ್ಯಾಟರಿಯ ಮೈನಸ್‌ಗೂ ನಡುವೆ ವೋಲ್ಟೇಜ್ ಅಳೆಯಬಹುದು. ಅರ್ಥ್ ಚೆನ್ನಾಗಿದ್ದರೆ ಅದು ಅರ್ಧ ವೋಲ್ಟಿನೊಳಗೆ ಇರಬೇಕು. ಎರಡು, ಮೂರು ವೋಲ್ಟ್ ತೋರಿಸಿದರೆ ಅಷ್ಟೂ ಪೋಲಾಗುತ್ತಿದೆ ಎಂದರ್ಥ. ದೀಪ ಆರಿಸಿ ಅಳೆದರೆ ಪ್ರಯೋಜನವಿಲ್ಲ. ಕರೆಂಟು ಹರಿಯುವಾಗಲೇ ದೋಷ ಬಯಲಾಗುವುದು.

ಬಣ್ಣಕ್ಕೆ ಮರುಳಾಗಬೇಡಿ

ಮಧ್ಯಾಹ್ನದ ಹೊತ್ತಿಗೆ ಹಳೆಯ ತಂತಿಯನ್ನೆಲ್ಲ ಕಿತ್ತು ಹೊಸದಾಗಿ ಎಳೆಯುವುದೆಂದು ತೀರ್ಮಾನವಾಯಿತು. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಏಳು ಪಿನ್ನಿನ ಪ್ಲಗ್ ಹಾಕಿದೆವು. ಅದರ ತಂತಿಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಕ್ರಮವಿದೆ. ಒಂದನೆಯ ಪಿನ್ನು ಹಳದಿ, ಎಡ ಇಂಡಿಕೇಟರ್. ಎರಡನೆಯದು ನೀಲಿ, ಮಂಜಿನ ದೀಪಕ್ಕೆ. ಮೂರನೆಯದು ಬಿಳಿ, ಅದೇ ಅರ್ಥ್. ನಾಲ್ಕನೆಯದು ಹಸಿರು, ಬಲ ಇಂಡಿಕೇಟರ್. ಐದನೆಯದು ಕಂದು, ಬಲ ಹಿಂದೀಪ. ಆರನೆಯದು ಕೆಂಪು, ಬ್ರೇಕ್. ಏಳನೆಯದು ಕಪ್ಪು, ಎಡ ಹಿಂದೀಪ.

ಇಲ್ಲೊಂದು ಗುಂಡಿ ಇದೆ. ಮನೆಯ ವೈರಿಂಗಿನಲ್ಲಿ ಹಸಿರು ತಂತಿ ಎಂದರೆ ಅರ್ಥ್. ಈ ಪ್ಲಗ್ಗಿನಲ್ಲಿ ಹಸಿರು ಬಲ ಇಂಡಿಕೇಟರ್! ಅನೇಕ ವಾಹನಗಳ ಒಳಗೆ ಕಪ್ಪು ಎಂದರೆ ಅರ್ಥ್, ಇಲ್ಲಿ ಕಪ್ಪು ಎಡ ಹಿಂದೀಪ. ಮನೆ ವೈರಿಂಗ್ ಮಾಡುವವರು ರೂಢಿಯಂತೆ ಹಸಿರನ್ನು ಚಾಸಿಗೆ ಬಿಗಿದರೆ ಇಂಡಿಕೇಟರ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಹಳೆಯ ವಾಹನದಲ್ಲಂತೂ ಹಿಂದಿನವರು ಕೈಗೆ ಸಿಕ್ಕ ಬಣ್ಣವನ್ನೇ ಹಾಕಿರುತ್ತಾರೆ. ಆದ್ದರಿಂದ ಪ್ರತಿ ತಂತಿಯನ್ನೂ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ, ಕಾಗದದ ಮೇಲೆ ಚಿತ್ರ ಬರೆದುಕೊಂಡೇ ಸೇರಿಸಬೇಕು. ಆ ಚಿತ್ರ ಮಾಡಿದವಳೂ ಮಗಳೇ. ಅದು ಈಗ ಷೆಡ್ಡಿನ ಗೋಡೆಯ ಮೇಲಿದೆ.

ತಂತಿಯ ದಪ್ಪವೂ ಮುಖ್ಯ. ಬೇರೆ ತಂತಿಗಳಿಗೆ 1.5 ಚದರ ಮಿಲಿಮೀಟರ್ ಸಾಕು. ಅರ್ಥ್ ತಂತಿಗೆ 2.5 ಹಾಕಿದೆವು. ಏಕೆ? ರಾತ್ರಿ ಬ್ರೇಕ್ ಒತ್ತಿ ತಿರುಗುವಾಗ ಹಿಂದೀಪ 10, ಬ್ರೇಕ್ 42, ಇಂಡಿಕೇಟರ್ 21, ಒಟ್ಟು 73 ವಾಟ್. ಅಂದರೆ ಆರು ಆಂಪಿಯರ್. ಹೋಗುವಾಗ ಅದು ಹಲವು ತಂತಿಗಳಲ್ಲಿ ಹಂಚಿಹೋಗುತ್ತದೆ. ಬರುವಾಗ ಆರೂ ಆಂಪಿಯರ್ ಆ ಒಂದೇ ಬಿಳಿ ತಂತಿಯ ಮೇಲೆ.

ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪುಗಳ ನೆನಪು ಕೊಡಗಿನ ಹಿರಿಯರಿಗೆ ಇದ್ದೇ ಇರುತ್ತದೆ. ಆ ಜೀಪಿಗೆ ಕಾಲು ಟನ್ ಹೊರುವ ಎರಡು ಚಕ್ರದ ಪುಟ್ಟ ಟ್ರೈಲರೂ ಇತ್ತು. ಅವುಗಳ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅಷ್ಟೇ ವಾಟಿನ ದೀಪಕ್ಕೆ ಅಲ್ಲಿ ಎರಡು ಪಟ್ಟು ಕರೆಂಟು ಬೇಕು. ತುಕ್ಕಿನಲ್ಲಿ ಪೋಲಾಗುವ ವೋಲ್ಟೇಜೂ ದುಪ್ಪಟ್ಟು, ಪೋಲು ಮಾಡಲು ಇರುವುದು ಮಾತ್ರ ಅರ್ಧ. ಹಳೆಯ ಜೀಪನ್ನು ಪ್ರೀತಿಯಿಂದ ಇಟ್ಟುಕೊಂಡವರು ಅರ್ಥಿನ ಬಗ್ಗೆ ಇನ್ನೂ ಹೆಚ್ಚು ಕಾಳಜಿ ವಹಿಸಬೇಕು.

ಬಣ್ಣದ ಕೆಳಗಿನ ಕಬ್ಬಿಣ

ಬಿಳಿ ತಂತಿಯನ್ನು ಪ್ಲಗ್ಗಿನಿಂದ ನೇರವಾಗಿ ಟ್ರೈಲರಿನ ಚಾಸಿಗೆ ತಂದು ಬಿಗಿದೆವು. ಅಲ್ಲಿಗೇ ನಿಲ್ಲಿಸದೆ, ಅಲ್ಲಿಂದ ಪ್ರತಿ ದೀಪದ ಬುಡಕ್ಕೂ ಬೇರೆ ತಂತಿ ಎಳೆದೆವು. ಕೀಲನ್ನೂ ಪಿನ್ನನ್ನೂ ನಂಬುವ ಅಗತ್ಯವೇ ಇಲ್ಲದಂತಾಯಿತು.

ಬಿಗಿಯುವುದರಲ್ಲೂ ಒಂದು ಕ್ರಮವಿದೆ. ಬಣ್ಣದ ಮೇಲೆ ಬೋಲ್ಟ್ ಹಾಕಿದರೆ ಅರ್ಥ್ ಸಿಗುವುದಿಲ್ಲ, ಬಣ್ಣವೂ ಕರೆಂಟನ್ನು ತಡೆಯುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಬೇಕು. ತಂತಿಯ ತುದಿಗೆ ಲಗ್ಗು ಹಾಕಿ ಗಟ್ಟಿಯಾಗಿ ಒತ್ತಬೇಕು. ಹಲ್ಲಿನ ವಾಷರ್ ಇಟ್ಟು ಬೋಲ್ಟ್ ಬಿಗಿದು, ಎಲ್ಲ ಮುಗಿದ ಮೇಲೆ ನೀರು ಇಳಿಯದಂತೆ ಹೊರಗಿನಿಂದ ಗ್ರೀಸ್ ಅಥವಾ ಬಣ್ಣ ಬಳಿಯಬೇಕು. ಮೊದಲು ಬಿಗಿಯುವುದು, ಆಮೇಲೆ ಬಳಿಯುವುದು. ಈ ಕ್ರಮ ತಿರುಗುಮುರುಗಾದರೆ ಮಾಡಿದ ಕೆಲಸವೆಲ್ಲ ದಂಡ.

ಕಬ್ಬಿಣದ ಮೈಯೇ ವಾಪಸ್ ದಾರಿಯಾಗಿರುವುದರಲ್ಲಿ ಒಂದು ಅಪಾಯವೂ ಇದೆ. ಹೋಗುವ ತಂತಿಯ ಸಿಪ್ಪೆ ಎಲ್ಲಿ ಸವೆದು ಕಬ್ಬಿಣಕ್ಕೆ ತಾಗಿದರೂ ಅಲ್ಲೇ ಶಾರ್ಟ್. ಆದ್ದರಿಂದ ತಂತಿಗಳನ್ನು ಪೈಪಿನೊಳಗೆ ಹಾಯಿಸಿ, ಕಬ್ಬಿಣದ ತೂತು ದಾಟುವಲ್ಲಿ ರಬ್ಬರ್ ಬುಷ್ ಹಾಕಿದೆವು. ಬ್ಯಾಟರಿಯ ಸಮೀಪದಲ್ಲೇ 10 ಆಂಪಿಯರ್ ಫ್ಯೂಸ್ ಇಟ್ಟೆವು. ಹೋದ ಫ್ಯೂಸಿಗೆ ಬದಲಾಗಿ ತಂತಿ ಸುತ್ತುವುದು ನಮ್ಮಲ್ಲಿ ಹಳೆಯ ಚಾಳಿ. ಅದು ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂತೆ.

ಈಗ ಎಲ್ಲೆಡೆ ಎಲ್‌ಇಡಿ ದೀಪಗಳು ಬಂದಿವೆ. ಅವು ಕಡಿಮೆ ಕರೆಂಟು ಬೇಡುವುದರಿಂದ ಕೆಟ್ಟ ಅರ್ಥಿನಲ್ಲೂ ಒಂದಿಷ್ಟು ದಿನ ಉರಿಯುತ್ತವೆ. ತಂತು ಕಾಯುವ ತನಕ ಕಾಯಬೇಕಿಲ್ಲದ ಕಾರಣ ಬ್ರೇಕ್ ಒತ್ತಿದ ಕೂಡಲೇ ಹತ್ತುತ್ತವೆ. ಆದರೆ ಪ್ಲಸ್ ಮೈನಸ್ ಅದಲುಬದಲಾದರೆ ಹತ್ತುವುದೇ ಇಲ್ಲ. ಹಳೆಯ ಫ್ಲಾಷರ್ ಇದ್ದರೆ ಬಲ್ಬ್ ಹೋಗಿದೆ ಎಂದೇ ಭಾವಿಸಿ ಇಂಡಿಕೇಟರ್ ಪಟಪಟನೆ ಬಡಿದುಕೊಳ್ಳುತ್ತದೆ. ಅದಕ್ಕೆ ಎಲ್‌ಇಡಿಗೆ ಹೊಂದುವ ಫ್ಲಾಷರ್ ಹಾಕಬೇಕು.

ಎರಡು ಅರ್ಥ್ ಒಂದೇ ಅಲ್ಲ

ಸಂಜೆ ಹೊತ್ತಿಗೆ ಗೆಳೆಯರಿಗೆ ಒಂದು ಯೋಚನೆ ಬಂತು. ಕಣದಲ್ಲಿ ಕಾಫಿ ಒಣಗಿಸುವಾಗ ಬೆಳಕು ಬೇಕು, ಮನೆಯಿಂದ ವೈರು ಎಳೆದು ಟ್ರೈಲರಿಗೆ ಒಂದು ದೊಡ್ಡ ಬಲ್ಬ್ ಕಟ್ಟಿದರೆ ಹೇಗೆ? ಮಗಳು ಬೇಡವೆಂದಳು. ಅವಳು ಹೇಳಿದ್ದು ಸರಿ.

ಬ್ಯಾಟರಿಯ 12 ವೋಲ್ಟ್ ಮನುಷ್ಯನಿಗೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಮನೆಯ 230 ವೋಲ್ಟ್ ಕೊಲ್ಲುತ್ತದೆ. ಆ ತಂತಿಯ ಸಿಪ್ಪೆ ಹೋಗಿ ಟ್ರೈಲರಿಗೆ ತಾಗಿದರೆ ಇಡೀ ಕಬ್ಬಿಣದ ಮೈಗೆ 230 ವೋಲ್ಟ್ ಏರಿ ಕೂರುತ್ತದೆ. ಟೈರು ರಬ್ಬರಿನದಾದ್ದರಿಂದ ಅದು ನೆಲಕ್ಕೆ ಇಳಿಯುವುದಿಲ್ಲ. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಯಾರು ಮುಟ್ಟುತ್ತಾರೋ ಅವರ ಮೈಯೇ ಅದಕ್ಕೆ ದಾರಿ. ಇಲ್ಲಿ ಬೇಕಾಗುವುದು ನಿಜವಾದ ಭೂಮಿಯ ಅರ್ಥ್: ಗುಂಡಿ ತೋಡಿ ಹೂತ ಲೋಹದ ತನಕ ಹೋಗುವ ಹಸಿರು ತಂತಿ. ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಆರ್‌ಸಿಸಿಬಿ. ವಾಹನದ ಅರ್ಥ್ ದೀಪ ಉರಿಸಲು, ಮನೆಯ ಅರ್ಥ್ ಜೀವ ಉಳಿಸಲು. ಹೆಸರು ಒಂದೇ ಎಂದು ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಮನೆಯ ವಿದ್ಯುತ್ ಕೆಲಸವನ್ನು ಮಕ್ಕಳ ಕೈಗೆ ಕೊಡದೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೇ ಬಿಡಬೇಕು.

ಪುಸ್ತಕದಿಂದ ಷೆಡ್ಡಿಗೆ

ಕತ್ತಲಾದ ಮೇಲೆ ಟ್ರೈಲರನ್ನು ಗೇಟಿನ ಹೊರಗೆ ನಿಲ್ಲಿಸಿ, ನಾನು ರಸ್ತೆಯಲ್ಲಿ ಹಿಂದಕ್ಕೆ ನಡೆದು ಹೋದೆ. ತಿರುವಿನ ತನಕ ಹೋಗಿ ತಿರುಗಿ ನೋಡಿದರೂ ಎರಡು ಕೆಂಪು ದೀಪಗಳು ಕುಂಕುಮವಿಟ್ಟಂತೆ ಕಾಣುತ್ತಿದ್ದವು. ಕೈ ಬೀಸಿದೆ. ಅವರು ಬ್ರೇಕ್ ಒತ್ತಿದರು. ರಸ್ತೆಯ ಎರಡೂ ಬದಿಯ ಕಾಫಿ ಎಲೆಗಳು ಕೆಂಪಾದವು.

ಟ್ರೈಲರಿನ ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಸೂರ್ಯಾಸ್ತವಾದ ಅರ್ಧ ಗಂಟೆಯಿಂದ ಸೂರ್ಯೋದಯಕ್ಕೆ ಅರ್ಧ ಗಂಟೆ ಇರುವ ತನಕ ದೀಪ ಉರಿಯಬೇಕು. ಕಾನೂನು ದೀಪ ಬೇಕೆನ್ನುತ್ತದೆ. ಅದು ಉರಿಯುವಂತೆ ಮಾಡುವುದು ಎಮರಿ ಪೇಪರು, ಒಂದು ಬೋಲ್ಟು, ಒಂದು ಬಿಳಿ ತಂತಿ.

ತಂದೆತಾಯಿಗಳಿಗೆ ಒಂದು ಮಾತು. ಮಗಳು ಪರೀಕ್ಷೆಯ ವರ್ಷದಲ್ಲಿ ಒಂದು ಭಾನುವಾರವನ್ನು ಟ್ರೈಲರಿನ ಕೆಳಗೆ ಕಳೆದಳಲ್ಲ ಎಂದು ನಮ್ಮ ಗೆಳೆಯರ ಮನೆಯಲ್ಲಿ ಗೊಣಗಾಟ ಕೇಳಿಬಂತು. ಆದರೆ ರೋಧ, ವೋಲ್ಟೇಜ್, ಮಂಡಲ ಎಂಬ ಮಾತುಗಳನ್ನು ಇನ್ನು ಅವಳು ಬಾಯಿಪಾಠ ಮಾಡಬೇಕಿಲ್ಲ. ಹೊರಡುವಾಗ ಅವಳ ತಂದೆ ಹೇಳಿದರು: “ಇಷ್ಟು ವರ್ಷ ಅರ್ಥ್ ಸಿಗ್ತಿಲ್ಲ ಅಂತ ಮೆಕ್ಯಾನಿಕ್ ಹೇಳುತ್ತಿದ್ದ. ನನಗೆ ಅದರ ಅರ್ಥವಾದದ್ದು ಇವತ್ತು.”

ಕೆಲಸಕ್ಕೆ ಇಳಿಯುವ ಮೊದಲು

• ಟ್ರ್ಯಾಕ್ಟರಿನ ಎಂಜಿನ್ ಆರಿಸಿ, ಚಕ್ರಗಳಿಗೆ ಕಲ್ಲು ಕೊಡಿ. ಕೈಯ ಉಂಗುರ, ಬಳೆ ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಶಾರ್ಟ್ ಆದ ಲೋಹ ಚರ್ಮ ಸುಡುತ್ತದೆ.

• ತಂತಿ ಜೋಡಿಸುವಾಗ ಬ್ಯಾಟರಿಯ ಮೈನಸ್ ತುದಿ ಕಳಚಿರಲಿ. ಬ್ಯಾಟರಿಯ ಬಳಿ ಬೆಂಕಿ, ಕಿಡಿ ಬೇಡ. ಅದರಿಂದ ಹೊರಡುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ.

• ದೀಪಗಳನ್ನು ಒಂದೊಂದಾಗಿ ನೋಡಿ ಸುಮ್ಮನಾಗಬೇಡಿ. ಹಿಂದೀಪ, ಬ್ರೇಕ್, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿ ನೋಡಿ. ಒಂದು ಹತ್ತಿದಾಗ ಇನ್ನೊಂದು ಮಂಕಾದರೆ ಅರ್ಥ್ ಸರಿಯಿಲ್ಲ.

• ಮಳೆಗಾಲ ಮುಗಿದ ಕೂಡಲೇ, ಕೊಯ್ಲಿಗೆ ಮೊದಲು, ಪ್ಲಗ್ಗಿನ ಪಿನ್ನುಗಳನ್ನೂ ಅರ್ಥಿನ ಬೋಲ್ಟನ್ನೂ ಬಿಚ್ಚಿ ಉಜ್ಜಿ ಮತ್ತೆ ಬಿಗಿಯಿರಿ.

• ಹಿಂಭಾಗದಲ್ಲಿ ಕೆಂಪು ಪ್ರತಿಫಲಕ ಇರಲಿ, ಅದರ ಕೆಸರು ಒರೆಸಿರಲಿ. ವೈರೂ ಬೇಡದ, ಅರ್ಥೂ ಬೇಡದ ದೀಪ ಅದೊಂದೇ.